ಮರೆತ ಸ್ವರಗಳಿಗೆ ಮೈಸೂರಿನ ಆಸರೆ

ಕವಿಗೂ ಸಂಗೀತಗಾರನಿಗೂ ವಿಧಿಯು ಒಂದೇ ಬಗೆಯ ನ್ಯಾಯವನ್ನು ಮಾಡಿಲ್ಲ. ಕವಿಯು ಕಾಲವಾದರೂ ಅವನ ಗ್ರಂಥವು ತಾಳೆಯೋಲೆಯಲ್ಲಿಯೋ ಕಾಗದದಲ್ಲಿಯೋ ನಿಂತಿರುತ್ತದೆ. ಗೆದ್ದಲಿಗೆ ಆಹಾರವಾಗದೆ ಉಳಿದ ಪಕ್ಷದಲ್ಲಿ, ಮುನ್ನೂರು ವರ್ಷಗಳಾದ ಮೇಲೆ ಯಾವನೋ ಒಬ್ಬ ಪಂಡಿತನು ಅಟ್ಟದಿಂದ ಇಳಿಸಿ, ಧೂಳು ಕೊಡವಿ ಓದಿದನೆಂದರೆ ಕವಿಯು ಮತ್ತೆ ಮಾತನಾಡುತ್ತಾನೆ. ಸಂಗೀತಗಾರನ ಪಾಡು ಹಾಗಲ್ಲ. ಪುರಂದರದಾಸರ ಪದಗಳನ್ನು ನಾವೆಲ್ಲರೂ ಹಾಡುತ್ತೇವೆ; ಆದರೆ ದಾಸರು ತಾವೇ ಹಾಕಿಕೊಟ್ಟ ಮಟ್ಟುಗಳು ಬಹುಮಟ್ಟಿಗೆ ನಷ್ಟವಾಗಿ, ಇಂದು ಕೇಳಿಬರತಕ್ಕವುಗಳಲ್ಲಿ ಹೆಚ್ಚಿನವು ಈಚಿನ ವಿದ್ವಾಂಸರು ಕೂಡಿಸಿದವು. ಮೈಸೂರು ಸದಾಶಿವರಾಯರ ಕೃತಿಗಳು ಶಿಷ್ಯಪರಂಪರೆಯಿಂದ ನಮ್ಮವರೆಗೆ ಬಂದಿವೆ. ಅವರ ಕಂಠವು ಹೇಗಿದ್ದಿತೆಂದು ಹೇಳಬಲ್ಲವರು ಇಂದು ಯಾರೂ ಇಲ್ಲ.

ಮಾಲತೀಮಾಧವದ ಪ್ರಸ್ತಾವನೆಯಲ್ಲಿ ಭವಭೂತಿಯು, ತನ್ನ ಕಾಲದವರು ತನ್ನನ್ನು ಮನ್ನಿಸಲಿಲ್ಲವೆಂಬ ನೋವಿನಲ್ಲಿ, ತನ್ನ ಸಮಾನಧರ್ಮನೊಬ್ಬನು ಎಲ್ಲಿಯಾದರೂ ಇದ್ದಾನು, ಇಲ್ಲವೆ ಮುಂದೆಂದಾದರೂ ಹುಟ್ಟಿಯಾನು ಎಂದು ಸಮಾಧಾನ ತಂದುಕೊಂಡ ಸಂಗತಿಯು ಸಂಸ್ಕೃತ ಬಲ್ಲವರಿಗೆಲ್ಲ ತಿಳಿದದ್ದೇ. ಕಾಲದ ದೈರ್ಘ್ಯ, ಭೂಮಿಯ ವೈಶಾಲ್ಯ ಇವೆರಡೇ ಅವನಿಗೆ ಆಧಾರ. ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾವು ಈ ಶ್ಲೋಕವನ್ನು ಅದೆಷ್ಟು ಸಲ ವಿವರಿಸಿದ್ದೇವೆಯೋ ಲೆಕ್ಕವಿಲ್ಲ. ವಿವರಿಸುವಾಗಲೆಲ್ಲ ಕಾಲದ ಮೇಲೆಯೇ ಒತ್ತು ಕೊಟ್ಟು, ಭೂಮಿಯ ಮಾತನ್ನು ಅಲಂಕಾರಕ್ಕೆ ಬಂದದ್ದೆಂಬಂತೆ ದಾಟಿ ಹೋಗುವುದು ಉಪಾಧ್ಯಾಯರ ವಾಡಿಕೆ. ಭೂಮಿಯ ವೈಶಾಲ್ಯವು ಸಹ ಒಬ್ಬ ಕಲಾವಿದನನ್ನು ಬದುಕಿಸಬಲ್ಲುದೆಂಬುದಕ್ಕೆ ನಿದರ್ಶನವಾಗಿ ರಷ್ಯಾ ದೇಶದ ಸಂಗೀತಗಾರನೊಬ್ಬನ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ. ಈತನ ಹೆಸರು ನಿಕೊಲಾಯ್ ಮೆಟ್ನರ್. ಈತನ ಸಮಾನಧರ್ಮನು ದೊರೆತದ್ದು ನಮ್ಮ ಮೈಸೂರಿನ ಅರಮನೆಯಲ್ಲಿ.

ಮೆಟ್ನರನು ೧೮೮೦ನೆಯ ಇಸವಿಯ ಜನವರಿಯಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದನು. ಅಲ್ಲಿಯ ಸಂಗೀತಶಾಲೆಯಲ್ಲಿ ಪಿಯಾನೋವಾದನವನ್ನು ಅಭ್ಯಾಸ ಮಾಡಿ, ೧೯೦೦ರಲ್ಲಿ ಬಹುಮಾನ ಸಹಿತನಾಗಿ ಹೊರಬಂದನು. ದೊಡ್ಡ ವಾದಕನಾಗಿ ದೇಶದೇಶಗಳಲ್ಲಿ ಕಚೇರಿ ಮಾಡಿ ಹಣ ಗಳಿಸುವ ದಾರಿಯು ಮುಂದೆ ತೆರೆದಿದ್ದಿತು. ಆತನು ಅದನ್ನು ಬಿಟ್ಟು, ಬರೆಯುವ ಕೆಲಸವನ್ನು ಹಿಡಿದನು. ಹದಿನಾಲ್ಕು ಪಿಯಾನೋ ಸೊನಾಟಗಳು, ಮೂರು ಕನ್ಸರ್ಟೊಗಳು, ನೂರಕ್ಕೆ ಮೇಲ್ಪಟ್ಟ ಹಾಡುಗಳು, ಪಿಟೀಲಿಗಾಗಿ ಮೂರು ಸೊನಾಟಗಳು, ಇವಲ್ಲದೆ ‘ಸ್ಕಾಜ್ಕಿ’ ಎಂಬ ಹೆಸರಿನ ಚಿಕ್ಕ ಚಿಕ್ಕ ರಚನೆಗಳು ಮೂವತ್ತಕ್ಕೂ ಹೆಚ್ಚು. ಸ್ಕಾಜ್ಕಾ ಎಂದರೆ ರಷ್ಯನ್ ಮಾತಿನಲ್ಲಿ ಕಥೆ. ಅಜ್ಜಿಯು ಮೊಮ್ಮಕ್ಕಳಿಗೆ ಹೇಳತಕ್ಕ ಬಗೆಯ ಕಥೆ. ಅದರಲ್ಲಿ ಮಾತಿಲ್ಲ, ಪಾತ್ರಗಳಿಗೆ ಹೆಸರಿಲ್ಲ. ಆದರೂ ಯಾರೋ ‘ಒಂದಾನೊಂದು ಕಾಲದಲ್ಲಿ’ ಎಂದು ಆರಂಭಿಸಿದ ಹಾಗೆ ಕೇಳುವವನು ಹತ್ತಿರಕ್ಕೆ ಸರಿದು ಕೂಡುತ್ತಾನೆ. ಮೂರು ನಾಲ್ಕು ನಿಮಿಷಗಳಲ್ಲಿ ಕಾಡು, ಮಳೆ, ಭಯ, ಬೆಳಕು ಎಲ್ಲವೂ ಬಂದು ಹೋಗುತ್ತವೆ.

ಸಮಕಾಲೀನನಾದ ರಾಖ್ಮಾನಿನಾಫನ ಹೆಸರನ್ನು ಪಾಶ್ಚಾತ್ಯ ಸಂಗೀತದ ಗಂಧವಿರುವವರೆಲ್ಲ ಕೇಳಿಯೇ ಇರುವರು. ಅವನು ಮೆಟ್ನರನನ್ನು ತಮ್ಮ ಕಾಲದ ರಚನಕಾರರಲ್ಲಿ ಎಲ್ಲರಿಗಿಂತಲೂ ದೊಡ್ಡವನೆಂದು ಎಣಿಸಿದ್ದನು. ಬಾಯಿಮಾತಿಗೆ ಹೇಳಿ ಸುಮ್ಮನಾಗಲಿಲ್ಲ. ತನ್ನ ನಾಲ್ಕನೆಯ ಕನ್ಸರ್ಟೊವನ್ನು ಮೆಟ್ನರನಿಗೆ ಅರ್ಪಿಸಿದನು, ಮೆಟ್ನರನು ತನ್ನ ಎರಡನೆಯದನ್ನು ಅವನಿಗೆ ಅರ್ಪಿಸಿದನು. ಇಷ್ಟಿದ್ದರೂ ಒಬ್ಬನಿಗೆ ಲೋಕವಿಖ್ಯಾತಿ, ಇನ್ನೊಬ್ಬನಿಗೆ ಬಾಡಿಗೆ ಮನೆ.

ಇದಕ್ಕೆ ಕಾರಣಗಳುಂಟು. ರಷ್ಯಾದಲ್ಲಿ ಕ್ರಾಂತಿಯಾದ ಮೇಲೆ, ೧೯೨೧ರಲ್ಲಿ ಮೆಟ್ನರನು ಪತ್ನಿಯಾದ ಆನಾ ಎಂಬಾಕೆಯೊಡನೆ ದೇಶವನ್ನು ಬಿಟ್ಟನು. ಬರ್ಲಿನ್ನಿನಲ್ಲಿ ಕೆಲವು ಕಾಲ, ಫ್ರಾನ್ಸಿನಲ್ಲಿ ಕೆಲವು ಕಾಲ; ೧೯೨೪ರಲ್ಲಿ ರಾಖ್ಮಾನಿನಾಫನು ಏರ್ಪಡಿಸಿಕೊಟ್ಟದ್ದರಿಂದ ಅಮೆರಿಕದಲ್ಲಿ ಒಂದು ಪ್ರವಾಸ. ಯೂರೋಪಿನಲ್ಲಿ ಆಗ ಹೊಸತನದ ಗಾಳಿಯು ಬಲವಾಗಿ ಬೀಸುತ್ತಿದ್ದಿತು. ಹಿಂದಿನ ಸ್ವರಸಂಬಂಧಗಳನ್ನೆಲ್ಲ ಕಿತ್ತುಹಾಕಿದವನೇ ಪ್ರತಿಭಾವಂತನೆಂದು ಪತ್ರಿಕೆಗಳು ಹೊಗಳುತ್ತಿದ್ದ ಕಾಲದಲ್ಲಿ, ಈತನು ಹಳೆಯ ವ್ಯಾಕರಣವನ್ನು ಬಿಡಲೊಲ್ಲೆನೆಂದು ಕುಳಿತನು. ಕುಳಿತದ್ದಲ್ಲದೆ, ೧೯೩೫ರಲ್ಲಿ ‘ಸಂಗೀತದೇವಿ ಮತ್ತು ಷೋಕಿ’ ಎಂಬ ಅರ್ಥ ಬರುವ ಹೆಸರಿನ ಗ್ರಂಥವನ್ನೇ ಬರೆದು ಪ್ರಕಟಿಸಿದನು. ವ್ಯಾಕರಣವನ್ನು ಪಕ್ಷವಹಿಸಿ ವಾದ ಮಾಡುವವರಿಗೆ ಮಿತ್ರರು ಕಡಿಮೆಯೆಂಬುದನ್ನು ನಮ್ಮ ವೃತ್ತಿಯವರು ಚೆನ್ನಾಗಿ ಬಲ್ಲರು.

೧೯೩೦ರ ದಶಕದ ಮಧ್ಯದಲ್ಲಿ ದಂಪತಿಗಳು ಲಂಡನ್ನಿಗೆ ಬಂದು ನೆಲಸಿದರು. ಶಿಷ್ಯರಿಗೆ ಪಾಠ, ಜರ್ಮನಿಯ ಪ್ರಕಾಶಕರಿಂದ ಬರುವ ಅಷ್ಟಿಷ್ಟು ಹಣ, ಇವೇ ಜೀವನಾಧಾರ. ೧೯೩೯ರಲ್ಲಿ ಯುದ್ಧವು ಪ್ರಾರಂಭವಾದೊಡನೆ ಜರ್ಮನಿಯ ಹಣವು ನಿಂತಿತು. ಬಾಂಬಿನ ಭಯದಿಂದ ಶಿಷ್ಯರು ಚದುರಿದರು. ಈಡ್ನಾ ಐಲ್ಸ್ ಎಂಬ ಪಿಯಾನೋವಾದಕಿಯ ಮನೆಯವರು ಇವರನ್ನು ವಾರ್ವಿಕ್‌ಷೈರಿನ ಹಳ್ಳಿಗೆ ಕರೆದೊಯ್ದು ಇಟ್ಟುಕೊಂಡರು. ಅಲ್ಲಿ ೧೯೪೨ರಲ್ಲಿ ಮೆಟ್ನರನಿಗೆ ಹೃದಯಾಘಾತವಾಯಿತು. ಚೇತರಿಸಿಕೊಂಡು ಮೂರನೆಯ ಕನ್ಸರ್ಟೊವನ್ನು ಮುಗಿಸಿ, ೧೯೪೪ನೆಯ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಭವನದಲ್ಲಿ ತಾನೇ ನುಡಿಸಿದನು. ಆಗ ಆತನಿಗೆ ಅರವತ್ತನಾಲ್ಕು ವರ್ಷ. ಬರೆದದ್ದರಲ್ಲಿ ಬಹುಭಾಗವನ್ನು ಧ್ವನಿಮುದ್ರಿಸಿದವರು ಯಾರೂ ಇರಲಿಲ್ಲ. ಕ್ರಾಂತಿಯ ದಿನಗಳಲ್ಲಿ ರಷ್ಯಾದಲ್ಲಿಯೇ ಬರೆದ ಮೂರು ಗುಚ್ಛಗಳಿಗೆ ಆತನು ‘ಮರೆತ ರಾಗಗಳು’ ಎಂದು ಹೆಸರಿಟ್ಟಿದ್ದನು. ಎಂದೋ ಹೊಳೆದು, ಗುರುತು ಹಾಕಿಕೊಂಡು, ತಾನೇ ಮರೆತಿದ್ದ ಸ್ವರಮಾಲೆಗಳೆಂಬ ಅರ್ಥದಲ್ಲಿ. ಆ ಹೆಸರು ಇಡೀ ಜೀವಮಾನದ ಕೆಲಸಕ್ಕೆ ಅನ್ವಯಿಸುವ ದಿನವು ಸಮೀಪಿಸಿದ್ದಿತು.

ಈಗ ಮೈಸೂರಿಗೆ ಬರೋಣ. ಶ್ರೀ ಜಯಚಾಮರಾಜ ಒಡೆಯರು ಜನಿಸಿದ್ದು ೧೯೧೯ನೆಯ ಜುಲೈ ೧೮ರಂದು. ಚಿಕ್ಕಂದಿನಿಂದ ಪಿಯಾನೋ ಕಲಿತು, ಅದರಲ್ಲಿಯೇ ಕಚೇರಿಯ ವಾದಕರಾಗಬೇಕೆಂಬ ಆಸೆಯನ್ನು ಇಟ್ಟುಕೊಂಡಿದ್ದರು. ೧೯೪೦ನೆಯ ಮಾರ್ಚಿಯಲ್ಲಿ ತಂದೆಯವರಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಕಾಲವಾದರು. ಅದೇ ವರ್ಷ ಆಗಸ್ಟಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಾದರು. ಐದು ತಿಂಗಳೊಳಗೆ ಎರಡು ಸಾವುಗಳು. ಇಪ್ಪತ್ತೊಂದನೆಯ ವಯಸ್ಸಿನ ತರುಣನು ಪಿಯಾನೋವಿನ ಪೀಠದಿಂದೆದ್ದು ಸಿಂಹಾಸನದ ಮೇಲೆ ಕೂಡಬೇಕಾಯಿತು. ಅಭ್ಯಾಸವನ್ನು ಮಾತ್ರ ಬಿಡಲಿಲ್ಲ. ೧೯೪೫ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯೂ, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪದವಿಯೂ ಅವರಿಗೆ ದೊರೆತವು. ಅರಮನೆಯ ಗ್ರಾಮಫೋನು ಪ್ಲೇಟುಗಳ ಸಂಗ್ರಹವು ಸುಮಾರು ಇಪ್ಪತ್ತು ಸಾವಿರವಿದ್ದಿತೆಂದು ಆಗಿನ ಅಂದಾಜು. ತನಗೆ ತಪ್ಪಿದ ಜೀವನವನ್ನು ಮನುಷ್ಯನು ಎರಡು ಬಗೆಯಲ್ಲಿ ತೀರಿಸಿಕೊಳ್ಳಬಹುದು. ಕಹಿಯಾಗಿ ಕೂಡಬಹುದು, ಇಲ್ಲವೆ ಅದೇ ದಾರಿಯಲ್ಲಿ ನಡೆಯುತ್ತಿರುವ ಇನ್ನೊಬ್ಬನಿಗೆ ಊರುಗೋಲಾಗಬಹುದು.

ಮಹಾರಾಜರು ಎರಡನೆಯದನ್ನು ಆರಿಸಿಕೊಂಡರು. ಲಂಡನ್ನಿನಲ್ಲಿ ‘ಮೆಟ್ನರ್ ಸೊಸೈಟಿ’ ಎಂಬ ಸಂಘವು ಅವರ ಹಣದಿಂದ ಏರ್ಪಟ್ಟಿತು. ಉದ್ದೇಶವು ಒಂದೇ: ರಚನಕಾರನು ಬದುಕಿರುವಾಗಲೇ, ಅವನ ಕೈಯಿಂದಲೇ ಅವನ ಕೃತಿಗಳನ್ನು ನುಡಿಸಿ ಮುದ್ರಿಸುವುದು. ನಾಯಿಯ ಚಿತ್ರದ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯು ಮುದ್ರಣದ ಕೆಲಸವನ್ನು ವಹಿಸಿಕೊಂಡಿತು. ೧೯೪೭ರಲ್ಲಿ ಮೂರು ಕನ್ಸರ್ಟೊಗಳೂ ಮುದ್ರಣವಾದವು. ಫಿಲ್ಹಾರ್ಮೋನಿಯಾ ಎಂಬ ಹೊಸ ವಾದ್ಯವೃಂದ. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸೈ ಡೊಬ್ರೊವೆನ್ ಇವರು ವೃಂದದ ನಿರ್ದೇಶಕರು. ಪಿಯಾನೋವಿನ ಮುಂದೆ ಮೆಟ್ನರನು ತಾನೇ. ಹಾಡುಗಳು, ಸ್ಕಾಜ್ಕಿಗಳು, ಪಿಟೀಲಿನ ಮೂರನೆಯ ಸೊನಾಟ ಇವೆಲ್ಲವೂ ಸೇರಿ ಮೂರು ಸಂಪುಟಗಳಾಗಿ ಹೊರಬಂದವು. ೧೯೪೯ರಲ್ಲಿ ಪಿಯಾನೋ ಪಂಚವಾದ್ಯ ರಚನೆಯು, ಎಂದರೆ ಪಿಯಾನೋದೊಡನೆ ನಾಲ್ಕು ತಂತಿವಾದ್ಯಗಳಿರುವ ಕೃತಿಯು, ಮುದ್ರಣವಾಯಿತು. ಇದನ್ನು ಆತನು ತಾರುಣ್ಯದಲ್ಲಿ ಆರಂಭಿಸಿ, ನಡುನಡುವೆ ಬಿಟ್ಟು, ನಲವತ್ತೈದು ವರ್ಷಗಳ ಮೇಲೆ ಮುಗಿಸಿದನು.

ಈ ಮುದ್ರಣವೆಂಬುದು ಎಂತಹ ದೇಹದಂಡನೆಯೆಂಬುದನ್ನು, ಬೆರಳಿನಿಂದ ಒತ್ತಿದೊಡನೆ ಹಾಡು ಕೇಳುವ ಇಂದಿನ ಮಕ್ಕಳಿಗೆ ಸ್ವಲ್ಪ ವಿವರಿಸಬೇಕು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಆ ಕಾಲದ ದೊಡ್ಡ ಪ್ಲೇಟಿನ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ನಾಲ್ಕು, ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಅರ್ಧ ಘಂಟೆಗೆ ಮೀರಿದ ಕನ್ಸರ್ಟೊವನ್ನು ಎಂಟೊಂಬತ್ತು ತುಂಡುಗಳಾಗಿ ಕತ್ತರಿಸಿ ನುಡಿಸಬೇಕು. ಸೂಜಿಯು ಮೇಣದ ಮೇಲೆ ನೇರವಾಗಿ ಗೆರೆ ಕೊರೆಯುತ್ತದೆ. ತಪ್ಪನ್ನು ಅಳಿಸಿ ತಿದ್ದುವಂತಿಲ್ಲ. ಮೂರನೆಯ ನಿಮಿಷದಲ್ಲಿ ಒಂದು ಬೆರಳು ಜಾರಿದರೂ, ಹಿಂದೆ ಕುಳಿತವರಲ್ಲಿ ಒಬ್ಬನು ಕೆಮ್ಮಿದರೂ, ಆ ಮುಖವೆಲ್ಲವೂ ವ್ಯರ್ಥ, ಮೊದಲಿನಿಂದ ಮತ್ತೆ. ಅರವತ್ತೇಳು ವರ್ಷದ, ಒಮ್ಮೆ ಹೃದಯವು ಸೋತಿದ್ದ ವೃದ್ಧನೊಬ್ಬನು ಈ ಕೆಲಸಕ್ಕೆ ಕುಳಿತನು. ಹೃದಯವು ಮೊದಲು ನಿಲ್ಲುವುದೋ ಕೆಲಸವು ಮೊದಲು ಮುಗಿಯುವುದೋ ಎಂಬುದೇ ಅಲ್ಲಿದ್ದ ಪ್ರಶ್ನೆ. ಕೆಲಸವು ಮುಗಿಯಿತು. ೧೯೫೧ನೆಯ ನವೆಂಬರ್ ೧೩ರಂದು ಮೆಟ್ನರನು ಲಂಡನ್ನಿನಲ್ಲಿ ತೀರಿಕೊಂಡನು.

ಸ್ವರಪುಸ್ತಕವು ಅಚ್ಚಾಗಿದ್ದಿತಲ್ಲ, ಮುದ್ರಿಸಿದ್ದರಿಂದ ಹೆಚ್ಚಾಗಿ ಬಂದದ್ದೇನು ಎಂದು ಕೇಳಬಹುದು. ನಮ್ಮ ಸಂಗೀತವನ್ನು ಬಲ್ಲವರಿಗೆ ಉತ್ತರವನ್ನು ಹೇಳಿಕೊಡಬೇಕಾದ್ದಿಲ್ಲ. ತೋಡಿಯ ಗಾಂಧಾರವನ್ನು ಪುಸ್ತಕದಲ್ಲಿ ‘ಗ’ ಎಂದು ಬರೆಯಬಹುದು. ಗಮಕವಿಲ್ಲದೆ ನುಡಿಸಿದರೆ ಅದು ತೋಡಿಯಾಗುವುದಿಲ್ಲ. ಪಾಶ್ಚಾತ್ಯರ ಲಿಪಿಯು ನಮ್ಮದಕ್ಕಿಂತ ಸೂಕ್ಷ್ಮವಾದದ್ದು, ನಿಜ. ಆದರೂ ಮೆಟ್ನರನ ರಚನೆಯಲ್ಲಿ ಬಲಗೈಗೆ ಒಂದು ಲೆಕ್ಕ, ಎಡಗೈಗೆ ಇನ್ನೊಂದು ಲೆಕ್ಕ. ನಮ್ಮಲ್ಲಿ ತಿಶ್ರ ನಡೆಯೂ ಚತುರಶ್ರ ನಡೆಯೂ ಏಕಕಾಲದಲ್ಲಿ ಓಡಿದ ಹಾಗೆ. ಪುಸ್ತಕವನ್ನು ನೋಡಿ ನುಡಿಸುವವನಿಗೆ ಇದು ಗಣಿತದಂತೆ ಒಣಗಿ ಕಾಣುತ್ತದೆ. ರಚಿಸಿದವನ ಕೈಯಲ್ಲಿ ಅದು ಉಸಿರಾಡುತ್ತದೆ. ಎಲ್ಲಿ ಒತ್ತಬೇಕು, ಎಲ್ಲಿ ಸಡಿಲಿಸಬೇಕು ಎಂಬುದು ಕೇಳಿದ ಮೇಲೆಯೇ ತಿಳಿಯುವುದು. ಶುಷ್ಕನೆಂಬ ಅಪವಾದವು ಮೆಟ್ನರನಿಗೆ ಬಹುಕಾಲ ಅಂಟಿಕೊಂಡಿದ್ದಿತು. ಅದಕ್ಕೆ ಆತನ ಪರವಾದ ಸಾಕ್ಷಿಯೆಂದರೆ ಈ ಪ್ಲೇಟುಗಳು.

ಇಲ್ಲಿ ಗೃಹಸ್ಥರೊಬ್ಬರು ಎತ್ತಬಹುದಾದ ಆಕ್ಷೇಪಣೆಯನ್ನು ಮರೆಮಾಚುವುದು ಸರಿಯಲ್ಲ. ಕನ್ಸರ್ಟೊಗಳು ಮುದ್ರಣವಾದ ಆ ೧೯೪೭ನೆಯ ಇಸವಿಯಲ್ಲಿಯೇ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರಿನ ಜನರು ಬೀದಿಗಿಳಿದು ‘ಮೈಸೂರು ಚಲೋ’ ಚಳವಳಿಯನ್ನು ನಡೆಸಿದರು. ಯುದ್ಧಕಾಲದ ಅಭಾವವು ಇನ್ನೂ ತೀರಿರಲಿಲ್ಲ. ಅಂತಹ ಕಾಲದಲ್ಲಿ ಮೈಸೂರಿನ ಹಣವು ಲಂಡನ್ನಿನಲ್ಲಿದ್ದ ರಷ್ಯನ್ ವೃದ್ಧನಿಗೆ ಏಕೆ ಹೋಗಬೇಕಾಗಿದ್ದಿತು? ಪ್ರಶ್ನೆಯು ನ್ಯಾಯವಾದದ್ದೇ. ಇಲ್ಲಿಯ ವಿದ್ವಾಂಸರನ್ನು ಉಪವಾಸ ಕೆಡವಿ ಅಲ್ಲಿಗೆ ಕೊಟ್ಟದ್ದಲ್ಲವೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು. ವಾಸುದೇವಾಚಾರ್ಯರು, ವೀಣೆ ವೆಂಕಟಗಿರಿಯಪ್ಪನವರು, ಪಿಟೀಲು ಚೌಡಯ್ಯನವರು ಇದೇ ಆಸ್ಥಾನದ ಆಶ್ರಯದಲ್ಲಿದ್ದವರು. ಅರಮನೆಯ ಖರ್ಚಿನಲ್ಲಿ ಬಾಣಬಿರುಸುಗಳಾಗಿ ಒಂದು ರಾತ್ರಿಯಲ್ಲಿ ಹೊಗೆಯಾದದ್ದು ಎಷ್ಟೋ ಇದ್ದೀತು. ಅದರ ಪಕ್ಕದಲ್ಲಿ ಈ ಬಾಬನ್ನು ಇಟ್ಟು ನೋಡಿದರೆ, ನಮ್ಮ ಮನಸ್ಸು ಮಹಾರಾಜರ ಕಡೆಗೇ ವಾಲುತ್ತದೆ. ಒಪ್ಪದವರಿಗೂ ಅವಕಾಶವುಂಟು.

ಮಹಾರಾಜರ ಔದಾರ್ಯವು ಮೆಟ್ನರನೊಬ್ಬನಲ್ಲಿಯೇ ನಿಲ್ಲಲಿಲ್ಲ. ೧೯೪೮ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಕಂಪೆನಿಯ ಪರವಾಗಿ ವಾಲ್ಟರ್ ಲೆಗ್ ಎಂಬಾತನು ೧೯೪೯ರಲ್ಲಿ ಮೈಸೂರಿಗೇ ಬಂದು ಮಾತನಾಡಿದಾಗ, ಆ ವೃಂದವನ್ನು ನೆಲೆಗೊಳಿಸಲು ವರ್ಷಕ್ಕೆ ಹತ್ತು ಸಾವಿರ ಪೌಂಡುಗಳಂತೆ ಮೂರು ವರ್ಷ ಕೊಡಲು ಒಪ್ಪಿದರು. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಎಂಬ ಪ್ರಸಿದ್ಧ ರಚನಕಾರನ ಕಡೆಯ ನಾಲ್ಕು ಹಾಡುಗಳು, ಆತನು ತೀರಿಕೊಂಡ ಮೇಲೆ, ೧೯೫೦ನೆಯ ಮೇ ೨೨ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದು ಸಹ ಮಹಾರಾಜರು ಖರ್ಚಿಗೆ ಜಾಮೀನು ನಿಂತದ್ದರಿಂದಲೇ. ಅವರು ಅಂದು ಅಲ್ಲಿರಲಿಲ್ಲ. ಆ ಕಚೇರಿಯ ಪ್ಲೇಟು ಹಡಗೇರಿ ಮೈಸೂರಿಗೆ ಬಂದಿತು.

ಮೆಟ್ನರನ ಕೃತಜ್ಞತೆಯು ಚಿಕ್ಕದಾಗಿರಲಿಲ್ಲ. ತನ್ನ ಮೂರನೆಯ ಕನ್ಸರ್ಟೊವನ್ನು ಆತನು ಮಹಾರಾಜರಿಗೆ ಅರ್ಪಿಸಿದನು. ಇಂದು ಯಾವ ದೇಶದ ವಾದಕನಾದರೂ ಆ ಸ್ವರಪುಸ್ತಕವನ್ನು ತೆರೆದರೆ ಅರ್ಪಣೆಯಲ್ಲಿ ಮೈಸೂರಿನ ಹೆಸರು ಕಣ್ಣಿಗೆ ಬೀಳುತ್ತದೆ.

ಆತನು ಕಾಲವಾದ ಮೇಲೆ ಮೂವತ್ತು ನಲವತ್ತು ವರ್ಷ ಆ ಹೆಸರು ಮತ್ತೆ ಮಸುಕಾಯಿತು. ಹೊಸ ಬಗೆಯ ದೀರ್ಘ ಪ್ಲೇಟುಗಳು ಬಂದವು. ಹಳೆಯವು ಮೂಲೆ ಸೇರಿದವು. ಪತ್ನಿ ಆನಾ ೧೯೫೮ರಲ್ಲಿ ಹಸ್ತಪ್ರತಿಗಳೊಡನೆ ತವರಾದ ರಷ್ಯಾಕ್ಕೆ ಮರಳಿದಳು. ಪತಿಯನ್ನು ಬೆನ್ನು ತಿರುಗಿಸಿ ಹೋದವನೆಂದು ಎಣಿಸಿದ್ದ ಅದೇ ದೇಶದಲ್ಲಿ ೧೯೫೯ರಿಂದ ೧೯೬೩ರವರೆಗೆ ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಾಗಿ ಅಚ್ಚಾದವು. ಮೂವತ್ತು ವರ್ಷ ಪರದೇಶಗಳಲ್ಲಿ ಗಂಡನ ಜೊತೆಯಲ್ಲಿ ಅಲೆದು, ವೃದ್ಧಾಪ್ಯದಲ್ಲಿ ಕಾಗದದ ಕಟ್ಟುಗಳನ್ನು ಹೊತ್ತು ಹಿಂದಿರುಗಿದ ಆ ಮಹಿಳೆಯ ಪಾಲು ಈ ಕಥೆಯಲ್ಲಿ ಮಹಾರಾಜರದಕ್ಕಿಂತ ಕಿರಿದೆಂದು ನಾವು ಒಪ್ಪೆವು. ಎಮಿಲ್ ಗಿಲೆಲ್ಸ್‌ನಂತಹ ವಾದಕರು ಆಗೊಮ್ಮೆ ಈಗೊಮ್ಮೆ ನುಡಿಸುತ್ತಿದ್ದರು. ೧೯೯೦ರ ದಶಕದಲ್ಲಿ ಮೈಸೂರಿನ ಹಣದಿಂದಾದ ಮುದ್ರಿಕೆಗಳು ಅಡಕಮುದ್ರಿಕೆಗಳಾಗಿ, ಎಂದರೆ ಸೀಡಿಗಳಾಗಿ, ಮತ್ತೆ ಅಂಗಡಿಗೆ ಬಂದವು. ಅದೇ ದಶಕದಲ್ಲಿ ಹೇಮಿಷ್ ಮಿಲ್ನ್, ಜೆಫ್ರಿ ಟೋಜರ್, ನಿಕೊಲಾಯ್ ಡೆಮಿಡೆಂಕೊ, ಮಾರ್ಕ್ ಆಂಡ್ರೆ ಹೆಮೆಲಿನ್ ಮೊದಲಾದವರು ಈತನ ಕೃತಿಗಳನ್ನು ಹೊಸದಾಗಿ ನುಡಿಸಿ ಮುದ್ರಿಸಿದರು; ಹೆಮೆಲಿನ್ ಹದಿನಾಲ್ಕು ಸೊನಾಟಗಳನ್ನೂ ಪೂರ್ತಿಯಾಗಿ.

ಪರರ ಸ್ವರಗಳನ್ನು ಉಳಿಸಿದ ಮಹಾರಾಜರು ತಾವೇ ಸಂಸ್ಕೃತದಲ್ಲಿ ೯೪ ಕೃತಿಗಳನ್ನು ಶ್ರೀವಿದ್ಯಾ ಎಂಬ ಅಂಕಿತದಿಂದ ರಚಿಸಿದ್ದಾರೆ. ನಮ್ಮ ಕಚೇರಿಗಳಲ್ಲಿ ಅವುಗಳಲ್ಲಿ ಆಗಾಗ್ಗೆ ಕೇಳಿಬರತಕ್ಕವು ಎಷ್ಟು? ಗಂಭೀರನಾಟದ ಒಂದು, ಅಠಾಣದ ಒಂದು, ಇನ್ನು ಕೆಲವು. ಒಂದು ಕೈಯ ಬೆರಳುಗಳಿಗೆ ಹೆಚ್ಚಾಗಿ ಎಣಿಸಬೇಕಾದ ಪ್ರಮೇಯ ಬರುವುದು ಅಪರೂಪ. ೧೯೭೪ರಲ್ಲಿ ಅವರು ಕಾಲವಾದರು. ಲಂಡನ್ನಿನ ವೃದ್ಧನಿಗೆ ಮೈಸೂರಿನಲ್ಲಿ ಸಮಾನಧರ್ಮನು ಸಿಕ್ಕಿದನು. ಮೈಸೂರಿನವರ ಕೃತಿಗಳಿಗೆ ಮೈಸೂರಿನಲ್ಲಿಯೇ ಇನ್ನಷ್ಟು ಮಂದಿ ಸಿಕ್ಕಬೇಕಾಗಿದೆ.

ಮೆಟ್ನರನನ್ನು ಕೇಳಬೇಕೆಂಬ ಅಪೇಕ್ಷೆಯುಳ್ಳವರಿಗೆ ಎರಡು ಮಾತು. ನಮ್ಮ ಸಂಗೀತದಲ್ಲಿ ಬೆಳೆದ ಕಿವಿಯು ಮೊದಲು ‘ರಾಗವೆಲ್ಲಿ?’ ಎಂದು ಹುಡುಕುತ್ತದೆ. ನಮ್ಮದು ಒಂದೆಳೆಯ ದಾರ. ಅವರದು ಹೆಣೆದ ಜಡೆ. ಮೇಲಿನ ಎಳೆಯನ್ನೇ ಹಿಡಿದು ಕೂಡದೆ, ಕೆಳಗಿನ ಮಂದ್ರಸ್ವರಗಳು ಎತ್ತ ನಡೆಯುತ್ತಿವೆ ಎಂಬುದನ್ನು ಗಮನಿಸಿದರೆ ದಾರಿ ತಿಳಿಯುತ್ತದೆ. ಹಳೆಯ ಮುದ್ರಿಕೆಗಳಲ್ಲಿ ಕರಕರ ಶಬ್ದವುಂಟು. ಐದು ನಿಮಿಷಗಳಲ್ಲಿ ಕಿವಿಯು ಅದನ್ನು ಮರೆಯುತ್ತದೆ. ಆರಂಭಕ್ಕೆ ಸ್ಕಾಜ್ಕಿಗಳಲ್ಲಿ ಒಂದೆರಡು ಸಾಕು. ಆಮೇಲೆ ‘ಮರೆತ ರಾಗಗಳು’ ಗುಚ್ಛದ ಮೊದಲನೆಯದಾದ, ಸ್ಮರಣೆ ಎಂಬ ಅರ್ಥದ ಹೆಸರುಳ್ಳ ಸೊನಾಟ. ಕಾಲು ಘಂಟೆಯೂ ಹಿಡಿಯುವುದಿಲ್ಲ. ಒಂದು ಸಂಜೆ ಇದನ್ನು ಮೊಮ್ಮಗನ ಮೊಬೈಲಿನಲ್ಲಿ ಹಾಕಿಸಿ ನಾವು ಕೇಳುತ್ತಿರಲು, ಹೆಸರಾಗಲಿ ಊರಾಗಲಿ ತಿಳಿಯದ ನಮ್ಮ ಮನೆಯವರು ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು, “ಯಾರೋ ಒಬ್ಬರೇ ಕುಳಿತು ಹಳೆಯದನ್ನೆಲ್ಲ ನೆನೆಸಿಕೊಳ್ಳುತ್ತಿರುವ ಹಾಗಿದೆಯಲ್ಲ” ಎಂದರು. ಮೊದಲ ಸ್ವರಮಾಲೆಯು ನಡುವೆ ಮರೆಯಾಗಿ, ಕಡೆಗೆ ಮತ್ತೆ ಬರುತ್ತದೆ. ಅದೇ ಗುಚ್ಛದ ಇನ್ನೊಂದು ರಚನೆಯೂ ಅದರಿಂದಲೇ ಆರಂಭವಾಗುತ್ತದೆ. ಇದನ್ನು ಗುರುತಿಸಿದವರು ಮೂರನೆಯ ಕನ್ಸರ್ಟೊಗೆ ಹೋಗಬಹುದು. ಲೆರ್ಮಂತಫ್ ಕವಿಯ ಜಲಕನ್ಯೆಯ ಕವಿತೆಯು ಅದರ ಹಿನ್ನೆಲೆ. ನದಿಯ ತಳದಲ್ಲಿ ನಿದ್ರಿಸುವ ವೀರನೊಬ್ಬನ ಮುಂದೆ ಆಕೆ ಹಾಡುತ್ತಾಳೆ. ಮೂರು ಭಾಗಗಳೂ ನಡುವೆ ವಿರಾಮವಿಲ್ಲದೆ ನಡೆಯುತ್ತವೆಯಾದ್ದರಿಂದ, ಭಾನುವಾರದ ಮಧ್ಯಾಹ್ನ ಊಟವಾಗಿ ಮನೆಯು ನಿಶ್ಶಬ್ದವಾದ ಮೇಲೆ ಕೇಳುವುದು ಅನುಕೂಲ. ಪಂಚವಾದ್ಯ ರಚನೆಯನ್ನು ಕಡೆಗಿಟ್ಟುಕೊಳ್ಳಿರಿ. ಅದನ್ನು ಬರೆಯಲು ಆತನು ಅವಸರ ಮಾಡಲಿಲ್ಲ.